ತಳವಿಲ್ಲದ ಗಂಡಿ

ಒಂದಾನೊಂದು ಕಾಲದಲ್ಲಿ, ಮೀನಿಗೂ ಮನುಷ್ಯರಿಗೂ ಒಂದೇ ಅಳತೆಯ ಬುದ್ಧಿ ಇದ್ದಾಗ, ದಡಕ್ಕೂ ಎದುರಿನ ನಡುಗಡ್ಡೆಗೂ ಮಧ್ಯೆ ಹರಿಯುವ ಕಡಲ ಗಂಡಿಗೆ ತಳ ಇಲ್ಲ ಅಂತ ಎಲ್ಲರೂ ನಂಬಿದ್ದರಂತೆ. ಅದರ ಹೆಸರೇ ತಳವಿಲ್ಲದ ಗಂಡಿ. ಉಳಿದವರು ಕಣ್ಣು ಮುಚ್ಚಿಕೊಂಡು ದೋಣಿಯಲ್ಲಿ ದಾಟುತ್ತಿದ್ದರಂತೆ, ಬಸುರಿ ಮಾತ್ರ ದಾಟಬಾರದು, ದಾಟಿದರೆ ಹೊಟ್ಟೆಯ ಕೂಸನ್ನು ನೀರು ಎಳೆದುಕೊಳ್ಳುತ್ತದೆ. ಯಾರ ಕೂಸನ್ನು ಎಳೆದುಕೊಂಡಿತ್ತು ಅಂತ ನನ್ನನ್ನು ಕೇಳಬೇಡ ಮಗಾ. ಆಗಲೂ ಯಾರೂ ಕೇಳಿರಲಿಲ್ಲ.

ದಡದ ದುರ್ಗಮ್ಮನಿಗೆ ಮೂರು ಗಂಡುಮಕ್ಕಳು, ಒಬ್ಬಳೇ ಮಗಳು ಮಂಕಾಳಿ. ಅವಳನ್ನು ನಡುಗಡ್ಡೆಗೆ ಕೊಟ್ಟಿದ್ದರಂತೆ. ಆಮೇಲೆ ಅವಳು ಬಸುರಿಯಾಗಿ, ಏಳು ತುಂಬಿ ಎಂಟಕ್ಕೆ ಬಿತ್ತಂತೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನುವುದು ಪದ್ಧತಿ. ಅವಳಿಗೆ ಪದ್ಧತಿ ಬೇಕಿರಲಿಲ್ಲ, ಅಮ್ಮ ಬೇಕಿತ್ತು. ಸಂಜೆ ಸಂಜೆ ಬಂಡೆಯ ಮೇಲೆ ಕೂತು ತವರಿನ ಒಲೆಯ ಹೊಗೆ ನೋಡುತ್ತಿದ್ದಳಂತೆ. ಹೊಗೆ ನೀರಿನ ಮೇಲೆ ತೇಲಿ ತೇಲಿ ಅರ್ಧ ದಾರಿಗೆ ಬಂದು ಕರಗುತ್ತಿತ್ತಂತೆ. ಕರೆಯಲು ಬಂದ ಅಣ್ಣಂದಿರಿಗೆ ಅವಳ ಅತ್ತೆ ಒಂದೇ ಮಾತು ಹೇಳಿದಳಂತೆ, ತಳ ತೋರಿಸಿ, ಸೊಸೆಯನ್ನು ಕರೆದೊಯ್ಯಿರಿ.

ಆಮೇಲೆ ದೊಡ್ಡವನು ನಾರಿನ ಹಗ್ಗಕ್ಕೆ ಕಲ್ಲು ಕಟ್ಟಿ, ಉಬ್ಬರದ ನೀರು ನುಗ್ಗುವಾಗ ಗಂಡಿಯ ನಡುವೆ ಬಿಟ್ಟನಂತೆ. ಇಪ್ಪತ್ತು ಮಾರು ಹೋಯಿತು, ಹಗ್ಗ ಮುಗಿಯಿತು. ಆಮೇಲೆ ಎರಡನೆಯವನು ಕೇರಿಯ ಹಗ್ಗವನ್ನೆಲ್ಲ ಗಂಟುಹಾಕಿ, ಬಾವಿಯದನ್ನೂ ಅಮ್ಮ ತೆಗೆದಿಟ್ಟ ತೊಟ್ಟಿಲದನ್ನೂ ಸೇರಿಸಿ, ಇಳಿತದ ನೀರು ಓಡುವಾಗ ಬಿಟ್ಟನಂತೆ. ಅರವತ್ತು ಮಾರು. ಅದೂ ಮುಗಿಯಿತು. ಹಗ್ಗ ಓರೆಯಾಗಿ ದೂರ ದೂರ ಸಾಗುವುದನ್ನು ಕೇರಿಯೆಲ್ಲ ನೋಡಿತಂತೆ. ನೋಡಿ, ಎಂಥಾ ಆಳ ಅಂದಿತಂತೆ.

ಮೂರನೆಯವನು ಜಟ್ಟಿ, ಹೆಸರಾಂತ ಸೋಮಾರಿ. ದೊಡ್ಡಣ್ಣನ ಹಗ್ಗ, ಅದೇ ಕಲ್ಲು ತೆಗೆದುಕೊಂಡು ಹೋಗಿ, ದೋಣಿಯನ್ನು ಬಂಡೆಗೆ ಕಟ್ಟಿ ಮಲಗಿಬಿಟ್ಟನಂತೆ.

ಕನಸಿನಲ್ಲಿ ತಳ ಸಿಗುತ್ತದೇನೋ, ಅಂದನಂತೆ ದೊಡ್ಡಣ್ಣ.

"ನೀರಿಗೂ ಸುಸ್ತಾಗಲಿ ಅಣ್ಣ."

ಆಮೇಲೆ ಉಬ್ಬರ ಮುಗಿದು ಇಳಿತ ಶುರುವಾಗುವ ಮೊದಲು, ನೀರು ಉಸಿರು ಹಿಡಿದು ನಿಂತಿತಂತೆ. ತೇಲುತ್ತಿದ್ದ ಗರಿ ನಿಂತಿತು. ನೀರೊಳಗಿನ ಮೋಡವೂ ನಿಂತಿತು. ಜಟ್ಟಿ ಎದ್ದು, ಕಣ್ಣು ಉಜ್ಜಿಕೊಂಡು, ನಡುವಿಗೆ ಹೋಗಿ ಕಲ್ಲು ಬಿಟ್ಟನಂತೆ. ಹಗ್ಗ ನೆಟ್ಟಗೆ ಇಳಿಯಿತು. ಇಳಿದು, ಸಡಿಲವಾಯಿತು. ಎಳೆದರೆ ಕಲ್ಲಿಗೆ ಕಪ್ಪು ಕೆಸರು, ಕೆಸರಿನಲ್ಲಿ ಒಂದು ಚಿಪ್ಪು.

ಅತ್ತೆ ಅದನ್ನು ಅಂಗೈಯಲ್ಲಿ ಹಿಡಿದು ಮೂಸಿ ನೋಡಿದಳಂತೆ.

"ಇದು ಬರೀ ಕೆಸರು."

"ಕೆಸರೇ ಅತ್ತೆ. ತಳ ಅಂದರೆ ಅಷ್ಟೇ," ಅಂದನಂತೆ ಜಟ್ಟಿ.

ಅವಳು ಕೈ ತೊಳೆದುಕೊಂಡು, ಸೊಸೆಯ ಸೀರೆ ಗಂಟು ಕಟ್ಟಿದಳಂತೆ. ಮರುದಿನ ನೀರು ನಿಂತ ಹೊತ್ತಿಗೆ ಮಂಕಾಳಿ ದಾಟಿದಳಂತೆ. ನಡುವಿಗೆ ಬಂದಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳಂತೆ. ಒಳಗಿನದು ಒದೆಯಿತಂತೆ, ಅಲ್ಲೇ ಇತ್ತು. ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲ ಹಗ್ಗದಲ್ಲಿ ಉಪ್ಪಿನ ವಾಸನೆ ಹೋಗಲೇ ಇಲ್ಲವಂತೆ. ಆಮೇಲೆ ಜನ ಆ ನೀರನ್ನು ತವರಗಂಡಿ ಅಂತ ಕರೆದರಂತೆ, ತಾವು ಮೊದಲಿಂದಲೂ ಹಾಗೇ ಕರೆಯುತ್ತಿದ್ದೆವು ಅಂದರಂತೆ.

ನಮ್ಮ ಕತೆಯೂ ತಳ ಮುಟ್ಟಿತು, ಕಣ್ಣು ಮುಚ್ಚು. ಎಷ್ಟು ಆಳ ಅಂತಲೇ?

ಏಳು ಮಾರು.