ಪಂಪಾಪತಿಯ ವೇಗದ ಕಾರ್ಡು

ದಾವಣಗೆರೆಯಲ್ಲಿ ಗೇಮಿಂಗ್ ಸೆಂಟರ್ ನಡೆಸುವ ಪಂಪಾಪತಿಗೆ ಎಲ್ಲದರಲ್ಲೂ ಅನುಮಾನ. ಕಂಪ್ಯೂಟರ್ ಅಂಗಡಿಯ ಮೆಕ್ಯಾನಿಕ್ ಜಬೀನಾ ಅವನಿಗೆ ಆಟದ ಚಿತ್ರ ಓಡಿಸುವ ಎರಡು ಗ್ರಾಫಿಕ್ಸ್ ಕಾರ್ಡ್ ತೋರಿಸಿದಳು. ಒಂದು ಮಾಮೂಲಿ, ಇನ್ನೊಂದು ಫ್ಯಾಕ್ಟರಿಯಲ್ಲೇ ವೇಗ ಹೆಚ್ಚಿಸಿದ್ದು.

"ಆಟದಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ ಅಣ್ಣಾ. ಮಾಮೂಲಿನೇ ಸಾಕು."

"ಉಳಿದ ಮಾಲು ನನ್ನ ತಲೆಗೆ ಕಟ್ಟೋಕೆ ನೋಡ್ತೀಯಾ? ಎರಡನ್ನೂ ಹಾಕಿ ತೋರಿಸು. ನೋಡಿದ ತಕ್ಷಣ ಹೇಳ್ತೀನಿ!"

ಜಬೀನಾ ಮಾಮೂಲಿ ಕಾರ್ಡ್ ಹಾಕಿದಳು. ಪಂಪಾಪತಿ ಕಾರ್ ರೇಸ್ ಆಡಿ ಮುಖ ಸಿಂಡರಿಸಿದ. "ಥೂ, ಎತ್ತಿನ ಗಾಡಿ!"

ಅವಳು ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡು ಐದು ನಿಮಿಷ ಸ್ಕ್ರೂ ಬಿಚ್ಚಿದಳು, ಬಿಗಿದಳು. ಮತ್ತೆ ಆಡಿಸಿದಳು.

"ನೋಡು, ಹೆಂಗೆ ಹಾರ್ತೈತೆ! ಇದೇ ಬೇಕು."

ಜಬೀನಾ ವೇಗದ ಕಾರ್ಡಿನ ಡಬ್ಬ ತಂದು ಮುಂದಿಟ್ಟಳು. ಸೀಲ್ ಒಡೆದೇ ಇರಲಿಲ್ಲ. ಪಂಪಾಪತಿ ಅದನ್ನು ಉಗುರಿನಿಂದ ಕೆರೆದ, ಬೆಳಕಿಗೆ ಹಿಡಿದ, ಮೂಸಿಯೂ ನೋಡಿದ.

"ಹಂಗಾದ್ರೆ ಈಗ ಹಾರಿದ್ದು?"

"ಆಗಿನ ಎತ್ತಿನ ಗಾಡಿನೇ ಅಣ್ಣಾ."

ಅವನು ಮಾಮೂಲಿ ಕಾರ್ಡನ್ನೇ ಕೊಂಡ. ಬಾಗಿಲವರೆಗೆ ಹೋದವನು ತಿರುಗಿ ಬಂದು, ಅತ್ತಿತ್ತ ನೋಡಿ ಪಿಸುಗುಟ್ಟಿದ:

"ವೇಗದ ಕಾರ್ಡಿಂದು ಖಾಲಿ ಡಬ್ಬ ಇದ್ರೆ ಒಂದು ಕೊಡಮ್ಮ. ಸೆಂಟರಲ್ಲಿ ಎದುರಿಗೇ ಇಡ್ತೀನಿ. ನಮ್ಮ ಗಿರಾಕಿಗಳೂ ನೋಡಿದ ತಕ್ಷಣ ಹೇಳೋರೇ."