ಹದಿಮೂರನೆಯ ಎಲೆ

"ಬುದ್ಧಿ, ಯಾವ ಸಾಲಿಗೂ ಹೊಂದದವನನ್ನು ಏನು ಮಾಡಬೇಕು?" ಎಂದು ಗುರುಪಾದನೆಂಬ ಶಿಷ್ಯ ಸ್ವಾಮಿಗಳನ್ನು ಕೇಳಿದ.

ಮಠದಲ್ಲಿ ಊಟದ ಎಲೆ ಹಾಕಿಸುವ ಹೊಣೆ ಅವನದು. ಶಿಷ್ಯರು ಹದಿಮೂರು ಮಂದಿ. ಅಡುಗೆಮನೆಯ ಕಡೆಯಿಂದ ಆರಾರು ಎಲೆಯ ಎರಡು ಸಾಲು ಹಾಕಿಕೊಂಡು ಬಂದರೆ ಬಾಗಿಲ ಬಳಿ ಒಂದು ಎಲೆ ಮಿಕ್ಕುತ್ತಿತ್ತು. ಅಡುಗೆಮನೆಯ ಪಕ್ಕದ ಮೊದಲ ಎಲೆ ಗುರುಪಾದನದು. ಬಾಗಿಲ ಬಳಿಯ ಒಂಟಿ ಎಲೆ ಕಾಳಯ್ಯನೆಂಬ ಶಿಷ್ಯನದು.

"ಅವನು ದಿನವೂ ಕೊನೆಗೇ ಬರುತ್ತಾನೆ ಬುದ್ಧಿ. ಮೈಯೆಲ್ಲ ಸಗಣಿ ವಾಸನೆ. ಒಂಟಿ ಸೀನೇ ಅಪಶಕುನ ಅನ್ನುತ್ತಾರೆ, ಇನ್ನು ಒಂಟಿ ಎಲೆ ಮಠಕ್ಕೆ ಒಳ್ಳೆಯದೇ? ಅವನನ್ನು ಊರಿಗೆ ಕಳಿಸಿಬಿಡೋಣ. ಇವತ್ತೇ ಹೇಳಿಬಿಡಲೇ?"

"ಇರಯ್ಯಾ, ಏನವಸರ? ನಿನಗೆ ಮಗ್ಗಿ ಬರುತ್ತದೆಯೇ?" ಎಂದರು ಸ್ವಾಮಿಗಳು. "ಎರಡರ ಮಗ್ಗಿಯಿಂದ ಹನ್ನೆರಡರ ಮಗ್ಗಿಯವರೆಗೆ ಹುಡುಕು. ಹದಿಮೂರು ಎಲ್ಲಿ ಬರುತ್ತದೆ ಹೇಳು."

ಗುರುಪಾದ ತುಟಿಯಲ್ಲೇ ಎಣಿಸಿಕೊಂಡ. ಮತ್ತೊಮ್ಮೆ ಎಣಿಸಿದ. "ಅರೆ! ಎಲ್ಲೂ ಇಲ್ಲವಲ್ಲ ಬುದ್ಧಿ!" ಎಂದು ಬೆರಗಾದ.

"ಇಲ್ಲ. ಪಂಡಿತರು ಅದನ್ನು ಅವಿಭಾಜ್ಯ ಎನ್ನುತ್ತಾರೆ. ಅಧಿಕಮಾಸ ಬಂದ ವರ್ಷಕ್ಕೂ ಹದಿಮೂರೇ ತಿಂಗಳು. ಒಂದು ತಿಂಗಳು ಮಿಕ್ಕಿತೆಂದು ಯಾರಾದರೂ ಅದನ್ನು ವರ್ಷದಿಂದ ಆಚೆ ನೂಕಿದ್ದಾರೆಯೇ? ಆದರೆ ಒಬ್ಬ ಮಹಾಶಯ ಹದಿಮೂರನೆಯವನನ್ನು ನೂಕಿದ. ಕೇಳು."

ಸ್ವಾಮಿಗಳು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಎತ್ತುಗಳ ಮೇಲೆ ಉಪ್ಪು ಹೇರಿಸಿಕೊಂಡು ಘಟ್ಟ ಹತ್ತುತ್ತಿದ್ದ. ಜೊತೆಗೆ ಹನ್ನೆರಡು ಆಳುಗಳು. ಅವನೂ ಸೇರಿ ಹದಿಮೂರು ಮಂದಿ. ವರ್ತಕನ ಮನೆತನದಲ್ಲಿ ಒಂದು ಕಟ್ಟಳೆ. ಪಯಣದಲ್ಲಿ ಊಟದ ಸಾಲುಗಳು ಸಮನಾಗಿರಬೇಕು, ಒಂಟಿ ಎಲೆ ಬೀಳಬಾರದು. ಬಿದ್ದರೆ ಹೇರು ಮನೆ ಮುಟ್ಟುವುದಿಲ್ಲ. ಹಿಂದೆಲ್ಲ ಹನ್ನೆರಡೇ ಮಂದಿ ಹೋಗುತ್ತಿದ್ದರು. ಈ ಸಲ ಎತ್ತು ಹೆಚ್ಚೆಂದು ಒಬ್ಬ ಆಳೂ ಹೆಚ್ಚಿದ್ದ.

ಮೊದಲು ತಂಗಿದಲ್ಲಿ ವರ್ತಕ ಎರಡೆರಡು ಎಲೆ ಹಾಕಿಸಿದ. ಒಂದು ಮಿಕ್ಕಿತು. ಮರುದಿನ ಮೂರು ಮೂರು ಹಾಕಿಸಿದ. ಒಂದು ಮಿಕ್ಕಿತು. ಮುಂದೆ ತಂಗಿದಲ್ಲೆಲ್ಲ ನಾಲ್ಕು ನಾಲ್ಕು ಹಾಕಿಸಿದ, ಆರಾರು ಹಾಕಿಸಿದ. ಆಗಲೂ ಒಂದು! ಐದೈದು ಹಾಕಿಸಿ ನೋಡುವ ಧೈರ್ಯ ಅವನಿಗೆ ಉಳಿಯಲಿಲ್ಲ.

ಮಿಕ್ಕ ಎಲೆಯ ಮುಂದೆ ಪ್ರತಿ ಸಲವೂ ಅದೇ ಒಬ್ಬ ಮುದುಕ ಆಳು ಕೂತಿದ್ದ. ಎತ್ತುಗಳ ಹೇರು ಇಳಿಸಿ, ನೀರು ಕುಡಿಸಿ, ಗೂಟಕ್ಕೆ ಕಟ್ಟಿ ಅವನು ಬರುವಷ್ಟರಲ್ಲಿ ಉಳಿದವರೆಲ್ಲ ಕೂತುಬಿಟ್ಟಿರುತ್ತಿದ್ದರು. ವರ್ತಕ ಅದನ್ನು ನೋಡಲಿಲ್ಲ. ಎಲೆಯನ್ನಷ್ಟೇ ನೋಡಿದ. ದೋಷವಿರುವುದು ಈ ಮುದುಕನಲ್ಲೇ ಎಂದುಕೊಂಡ.

"ನೀನು ಇಲ್ಲಿಂದಲೇ ಹಿಂದಕ್ಕೆ ಹೋಗು" ಎಂದ.

ಮುದುಕ ಹೌಹಾರಿದ. "ಧಣಿ, ಈ ಕಾಡಿನಲ್ಲಿ ಒಬ್ಬನೇ ಹೇಗೆ ಹೋಗಲಿ? ನಾನು ಮಾಡಿದ ತಪ್ಪಾದರೂ ಏನು? ಎಲ್ಲರೂ ಒಂದೇ ಸಾಲಿನಲ್ಲಿ ಕೂತರೆ ಆಗದೇ?"

"ನಾನೂ ನೀನೂ ಒಂದೇ ಸಾಲಿನಲ್ಲೇ? ಚೆನ್ನಾಗಿದೆ! ನಿನ್ನ ತಪ್ಪೇನೂ ಇಲ್ಲ. ಲೆಕ್ಕ ಹಾಗಿದೆ. ಏಳು."

ಬಡಿಸಿದ ಅನ್ನದ ಮುಂದಿನಿಂದ ಎಬ್ಬಿಸಿದನಯ್ಯಾ, ಪಾಪಿ! ಶತ್ರುವನ್ನೂ ಯಾರಾದರೂ ಎಲೆಯ ಮುಂದಿನಿಂದ ಎಬ್ಬಿಸುತ್ತಾರೆಯೇ? ಮುದುಕ ಕೈ ಒರೆಸಿಕೊಂಡು ಎದ್ದು ಹೋದ. ಆರಾರರ ಎರಡು ಸಾಲು ಚೆಂದವಾಗಿ ಉಳಿಯಿತು. ವರ್ತಕ ಹೊಟ್ಟೆ ತುಂಬ ಉಂಡ. ಉಳಿದವರು ಅರ್ಧ ಎಲೆಯಲ್ಲೇ ಬಿಟ್ಟು ಎದ್ದರು.

ಬೆಳಗಾಗುವ ಮೊದಲೇ ಒಬ್ಬ ಆಳು ಮುದುಕನಿಗೆ ಜೊತೆಯಾಗಲೆಂದು ಹೇಳದೆ ಕೇಳದೆ ಹಿಂದಿರುಗಿದ. ಹನ್ನೊಂದು ಮಂದಿ ಉಳಿದರು. ಅಂದು ಮಧ್ಯಾಹ್ನ ಹೊಳೆಯ ದಡದಲ್ಲಿ ತಂಗಿದಾಗ ಒಬ್ಬನೂ ಎತ್ತುಗಳ ಬಳಿ ನಿಲ್ಲಲಿಲ್ಲ. ಕೊನೆಗೆ ಬಂದವನಿಗೆ ಏನಾಗುತ್ತದೆಂದು ಎಲ್ಲರೂ ಕಣ್ಣಾರೆ ಕಂಡಿದ್ದರಲ್ಲ! ಹಗ್ಗ ಬಿಸಾಡಿ ಊಟಕ್ಕೆ ಓಡಿದರು. ಬಾಯಾರಿದ ಎತ್ತುಗಳು ಹೇರಿನ ಸಮೇತ ಹೊಳೆಗೆ ಇಳಿದವು.

"ಅಯ್ಯೋ, ಉಪ್ಪು! ನನ್ನ ಉಪ್ಪು!" ಎಂದು ವರ್ತಕ ಕಿರುಚಿದ. ಯಾರೂ ಏಳಲಿಲ್ಲ. ತಾನೇ ಎದೆಮಟ್ಟದ ನೀರಿಗೆ ಬಿದ್ದು, ಒಂದೊಂದೇ ಎತ್ತನ್ನು ಎಳೆದು ತಂದು ಗೂಟಕ್ಕೆ ಕಟ್ಟಿದ. ಗೋಣಿಗಳು ಖಾಲಿಯಾಗಿ ಜೋತಾಡುತ್ತಿದ್ದವು. ಒದ್ದೆ ಮೈಯಲ್ಲಿ, ನಡುಗುತ್ತಾ ಊಟದ ಜಾಗಕ್ಕೆ ಬಂದ.

ಐದೈದು ಮಂದಿಯ ಎರಡು ಸಾಲು. ಆಚೆಗೆ ಒಂದು ಎಲೆ.

"ಎರಡೆರಡು ಹಾಕಿ!" ಎಂದು ಕೂಗಿದ. ಹಾಕಿದರು. ಐದು ಜೋಡಿ ಕೂತವು. ಅವನ ಪಾಲಿಗೆ ಮತ್ತೆ ಅದೇ ಒಂದು ಎಲೆ. ಹತ್ತು ಮಂದಿಯೂ ಅವನನ್ನೇ ನೋಡುತ್ತಿದ್ದರು. ಅವರಲ್ಲಿ ಹಿರಿಯವನೊಬ್ಬ ಮೆಲ್ಲಗೆ ಹೇಳಿದ: "ನಿಮ್ಮ ತಪ್ಪೇನೂ ಇಲ್ಲ ಧಣಿ. ಲೆಕ್ಕ ಹಾಗಿದೆ."

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಪಾದನ ಮುಖ ಬಿಳಿಚಿಕೊಂಡಿತ್ತು. "ಆಮೇಲೆ ಅವನು ಎಲ್ಲಿಗೆ ಹೋದ ಬುದ್ಧಿ?" ಎಂದ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಹಿತ್ತಲ ಕೊಟ್ಟಿಗೆಯಲ್ಲಿ ಕಾಳಯ್ಯ ಇನ್ನೂ ಹಸುಗಳಿಗೆ ಹುಲ್ಲು ಹಾಕುತ್ತಿದ್ದ. ಗುರುಪಾದ ಎಲೆಯ ಕಟ್ಟು ಎತ್ತಿಕೊಂಡು ಎದ್ದ.

"ಇವತ್ತು ಸಾಲುಗಳನ್ನು ಬಾಗಿಲ ಕಡೆಯಿಂದ ಹಾಕಿಕೊಂಡು ಬಾ ಗುರುಪಾದ, ನೀನು ಮಾತ್ರ ಅಡುಗೆಮನೆಯ ಪಕ್ಕದ ನಿನ್ನ ಜಾಗದಲ್ಲೇ ಕೂತುಕೋ."