ಫಿರಂಗಿ ಕೊರೆದವನು ಉಂಡ ರೊಟ್ಟಿ

"ಗುರುಗಳೇ, ಕೆಲಸಗಾರ ಒಡೆಯ ಹೇಳಿದ್ದನ್ನು ಮಾಡುತ್ತಾನೆ. ಆ ಕೆಲಸದಿಂದ ಕೇಡಾದರೆ ಪಾಪ ಒಡೆಯನದೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಾರ್ಖಾನೆಗಳಿಗೆ ಉಗಿಯಂತ್ರಗಳು ಆಗತಾನೇ ಬಂದಿದ್ದ ಕಾಲ. ಒಂದು ಪಟ್ಟಣದ ಫಿರಂಗಿ ಕಾರ್ಖಾನೆಯಲ್ಲಿ ಒಬ್ಬ ಮೇಸ್ತ್ರಿ ಇದ್ದ. ಎರಕ ಹೊಯ್ದ ಕಬ್ಬಿಣದ ದಿಮ್ಮಿಯನ್ನು ಯಂತ್ರಕ್ಕೇರಿಸಿ, ಕೂದಲೆಳೆಯಷ್ಟೂ ಓರೆಯಾಗದಂತೆ ಅದರ ನಳಿಗೆ ಕೊರೆಯುವುದು ಅವನ ಕೆಲಸ. ಅವನು ಕೊರೆದ ಫಿರಂಗಿ ಗುರಿ ತಪ್ಪುವುದಿಲ್ಲ ಎಂದು ಸೈನ್ಯದವರೇ ಹೊಗಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಅವನ ಎದೆ ಉಬ್ಬುತ್ತಿತ್ತು. ಗುಂಡು ಎಲ್ಲಿ ಹೋಗಿ ಬೀಳುತ್ತದೆ ಎಂದು ಅವನು ಯೋಚಿಸಿದವನಲ್ಲ.

ಒಂದು ಯುದ್ಧ ಮುಗಿಯಿತು. ಅವನ ನಾಡಿನ ಸೈನ್ಯ ಗೆದ್ದುಕೊಂಡ ಊರಿನ ಹೊರಗೆ ನಿಂತಿದ್ದ ಫಿರಂಗಿಯೊಂದರ ಗಾಲಿಯ ಅಚ್ಚು ಮುರಿದಿತ್ತು. ಅದನ್ನು ಸರಿಪಡಿಸಿ ಬರಲು ಒಡೆಯ ಮೇಸ್ತ್ರಿಯನ್ನು ಕಳಿಸಿದ. ಅದು ಅವನೇ ಕೊರೆದ ಫಿರಂಗಿ. ಕೆಲಸ ಮುಗಿಸಿ ಹಿಂದಿರುಗುವಾಗ ಅವನು ಆ ಊರೊಳಗೆ ಹಾದುಬಂದ. ಬೀದಿಯುದ್ದಕ್ಕೂ ಮನೆಗಳು ಕುಸಿದಿದ್ದವು. ಬಾವಿಯ ರಾಟೆಯ ಅಚ್ಚು ಬಾಗಿ ತಿರುಗದೆ, ಹೆಂಗಸರು ಬರಿಗೈಯಲ್ಲಿ ಹಗ್ಗ ಜಗ್ಗುತ್ತಿದ್ದರು. ಕೆಟ್ಟದ್ದನ್ನು ಕಂಡು ಸುಮ್ಮನೆ ಹೋಗುವುದು ಮೇಸ್ತ್ರಿಗೆ ಆಗದು. ಚೀಲದಿಂದ ಸುತ್ತಿಗೆ ತೆಗೆದು ಅಚ್ಚನ್ನು ನೇರ ಮಾಡಿಕೊಟ್ಟ. ಕೊಡ ಸಲೀಸಾಗಿ ಮೇಲೆ ಬಂತು.

ಅಲ್ಲಿದ್ದ ಒಬ್ಬ ಮುದುಕಿ ಅವನನ್ನು ಹಾಗೇ ಹೋಗಗೊಡಲಿಲ್ಲ. ಮನೆಗೆ ಕರೆದೊಯ್ದಳು. ಆ ಮನೆಗೆ ಉಳಿದಿದ್ದದ್ದು ಎರಡೇ ಗೋಡೆ. ಒಲೆ ಹಚ್ಚಿ, ರೊಟ್ಟಿ ತಟ್ಟಿ ಬಡಿಸಿದಳು. ಅವನು ಹಸಿದಿದ್ದ. ತುತ್ತು ಬಾಯಿಗಿಟ್ಟ.

"ರಾಟೆ ಕೆಟ್ಟರೆ ನನ್ನ ಮಗ ನೋಡಿಕೊಳ್ಳುತ್ತಿದ್ದ," ಎಂದಳು ಮುದುಕಿ. "ಗುಂಡು ಬಿದ್ದು ಮನೆ ಕುಸಿದಾಗ ಅವನು ಒಳಗೇ ಇದ್ದ. ನಿನ್ನ ಕೈಗೆ ಒಳ್ಳೆಯದಾಗಲಿ, ಅಪ್ಪಾ. ಯಾವ ಕಸುಬು ನಿನ್ನದು?"

ಮೇಸ್ತ್ರಿ ತಲೆ ಎತ್ತಲಿಲ್ಲ.

"ಕಬ್ಬಿನ ಗಾಣ ಮಾಡುತ್ತೇನೆ, ತಾಯೀ," ಎಂದ.

ಆಕೆ ಇನ್ನೊಂದು ರೊಟ್ಟಿ ಹಾಕಿದಳು. ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಅದನ್ನೂ ತಿಂದ. ಹೊರಡುವಾಗ ಆಕೆ ಅವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಬಿಡಿಸಿಕೊಳ್ಳಬೇಕೆನಿಸಿತು. ಬಿಡಿಸಿಕೊಳ್ಳಲಿಲ್ಲ. ಊರ ಗಡಿ ದಾಟುವ ತನಕ ಅವನು ಹಿಂದಿರುಗಿ ನೋಡಲಿಲ್ಲ.

ಕಾರ್ಖಾನೆಯಲ್ಲಿ ಗೆಲುವಿನ ಸಂಭ್ರಮ ನಡೆದಿತ್ತು. ಒಡೆಯ ಎಲ್ಲರ ಮುಂದೆ ಅವನಿಗೆ ಹಾರ ಹಾಕಿದ. ಮೇಸ್ತ್ರಿ ತಲೆ ತಗ್ಗಿಸಿ ನಿಂತ. ನೋಡಿದವರು ಅದನ್ನು ವಿನಯವೆಂದುಕೊಂಡರು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ, "ಆದರೂ ಗುರುಗಳೇ, ಊರಿಗೆ ಗುಂಡು ಹಾರಿಸಿದವನು ಅವನಲ್ಲ, ಹಾರಿಸೆಂದವನೂ ಅವನಲ್ಲ. ಪಾಪ ಅವನದು ಹೇಗಾದೀತು?" ಎಂದ.

"ಅವನದಲ್ಲವಾದರೆ, ಆ ತಾಯಿಯ ಮುಂದೆ ಅವನು ಗಾಣದ ಹೆಸರು ಹೇಳಿದ್ದೇಕೆ?" ಎಂದರು ಗುರುಗಳು.